ನೀವು ಬೇಡ ಅನ್ನುವ ನರದಲ್ಲೇ ಅದಿದೆ

ಮುಂಬೈಯ ಮಾಟುಂಗಾದಲ್ಲಿ ಹೋಟೆಲ್ ನಡೆಸುವ ಕುಂದಾಪುರದ ಹಿರಿಯರೊಬ್ಬರು ಮೊಬೈಲ್ ನನ್ನ ಮುಂದೆ ಹಿಡಿದರು. "ಡಾಕ್ಟ್ರೇ, ಪೈಪಿನ ಒಳಗೆ ಜೀವಕೋಶ ಬೆಳೆಸಿ ಕಾಲಿಗೆ ಹಾಕ್ತಾರಂತೆ. ನನಗೂ ಅದೇ ಇರಲಿ. ನನ್ನ ನರ ಮಾತ್ರ ತೆಗೀಬೇಡಿ." ಅವರ ಕಾಲಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿತ್ತು, ಕಾಲಿನ ಹೆಬ್ಬೆರಳ ತುದಿ ಆಗಲೇ ಕಪ್ಪಾಗಿತ್ತು. ಕಟ್ಟಿಕೊಂಡ ಜಾಗ ದಾಟಿ ರಕ್ತ ಹರಿಯಲು ಬೇರೆ ದಾರಿ ಹೊಲಿಯಬೇಕು, ಅದೇ ಬೈಪಾಸ್. ಅದಕ್ಕೆ ಅವರದೇ ಕಾಲಿನ ನರ, ಅಂದರೆ ರಕ್ತ ವಾಪಸ್ ಒಯ್ಯುವ ನಾಳ, ತೆಗೆಯೋಣ ಎಂದಿದ್ದೆ.

ಈ ಮಾತು ಕೇಳಿ ಕೇಳಿ ಸಾಕಾಗಿದೆ. ನೀವು ಕೇಳುವ ಆ ಜೀವಕೋಶದ ಪದರ, ತೆಗೀಬೇಡಿ ಅನ್ನುವ ಆ ನರದ ಒಳಗೇ ಇದೆ!

ಅವರ ಕೈಗೆ ಪೈಪಿನ ತುಂಡೊಂದನ್ನು ಕೊಟ್ಟೆ. ಬೆಳ್ಳಗೆ, ನುಣ್ಣಗೆ. ನಾನ್‌ಸ್ಟಿಕ್ ತವಾಕ್ಕೆ ಹಚ್ಚುವ ಟೆಫ್ಲಾನೇ ಇದು. "ಹಾಗಾದ್ರೆ ರಕ್ತ ಅಂಟಲ್ಲ ಅಲ್ವಾ?" ಅಂದರು. ದೋಸೆ ಏಳುತ್ತದೆ, ನಿಜ. ರಕ್ತ ಮಾತ್ರ ಹೊರಗಿನ ವಸ್ತು ತಾಗಿದರೆ ಹೆಪ್ಪುಗಟ್ಟಲು ನೋಡುತ್ತದೆ. ನಮ್ಮ ರಕ್ತನಾಳದ ಒಳಗೆ ಒಂದೇ ಕೋಶದಷ್ಟು ದಪ್ಪದ ಪದರವಿದೆ. ಹೆಪ್ಪು ತಡೆಯುವ ರಸಗಳನ್ನು ಅದು ಸದಾ ಮಾಡುತ್ತಿರುತ್ತದೆ. ಪೈಪಿಗೆ ಅದಿಲ್ಲ. ಹೊಲಿದ ತುದಿಗಳಿಂದ ಆ ಪದರ ಒಂದೆರಡು ಸೆಂಟಿಮೀಟರ್ ಬೆಳೆದು ನಿಂತುಬಿಡುತ್ತದೆ, ನಡುವೆಲ್ಲ ಬೋಳು.

ಅದಕ್ಕೇ ರೋಗಿಯದೇ ರಕ್ತನಾಳದ ಚೂರಿನಿಂದ ಕೋಶ ಬೆಳೆಸಿ ಪೈಪಿಗೆ ಹಚ್ಚುವ ಯೋಚನೆ ಬಂತು. ವಿಯೆನ್ನಾದ ವೈದ್ಯರು 1989ರಿಂದ ಇದನ್ನು ರೋಗಿಗಳಲ್ಲೇ ಮಾಡಿದರು, ಫಲವೂ ಚೆನ್ನಾಗಿತ್ತು. ಒಳ್ಳೆಯ ಕೆಲಸ, ನನಗೆ ಗೌರವವಿದೆ. ಆದರೆ ಕೋಶ ಬೆಳೆಯಲು ವಾರಗಟ್ಟಲೆ ಬೇಕು, ಅದಕ್ಕೆಂದೇ ಲ್ಯಾಬ್ ಬೇಕು. ಕಪ್ಪಾದ ಬೆರಳು ಅಷ್ಟು ದಿನ ಕಾಯುವುದಿಲ್ಲ.

ನಿಮ್ಮ ತೊಡೆಯಿಂದ ಪಾದದ ಗಂಟಿನವರೆಗೆ ಚರ್ಮದಡಿಯಲ್ಲೇ ಉದ್ದದ ನರ ಇದೆ. ಅದನ್ನು ತೆಗೆದರೆ ಕಾಲು ಒಣಗುವುದಿಲ್ಲ, ರಕ್ತ ವಾಪಸ್ ಒಯ್ಯಲು ಒಳಗೆ ದೊಡ್ಡ ನಾಳಗಳಿವೆ. ಸ್ವಲ್ಪ ಕಾಲ ಬಾವು ಬರಬಹುದು. ನರದ ಒಳಗೆ ರಕ್ತವನ್ನು ಮೇಲಕ್ಕೆ ಮಾತ್ರ ಬಿಡುವ ಕವಾಟಗಳಿರುವುದರಿಂದ ಅದನ್ನು ತಲೆಕೆಳಗೆ ತಿರುಗಿಸಿ ಹೊಲಿಯುತ್ತೇವೆ. ಮಂಡಿಯ ಕೆಳಗಿನ ಬೈಪಾಸ್‌ನಲ್ಲಿ ಇದು ಪೈಪಿಗಿಂತ ಎಷ್ಟೋ ಜಾಸ್ತಿ ಕಾಲ ಬಾಳುತ್ತದೆ.

ಎಲ್ಲರಿಗೂ ಆಗುತ್ತದೆ ಅಂತಲ್ಲ. ಕೆಲವರ ನರ ತೀರಾ ಸಣ್ಣ, ಕೆಲವರದು ಹೃದಯದ ಬೈಪಾಸ್‌ಗೆ ಆಗಲೇ ಹೋಗಿರುತ್ತದೆ. ಆಗ ಕೈಯ ನರ ನೋಡುತ್ತೇವೆ, ಇಲ್ಲವೇ ಪೈಪ್. ಮಂಡಿಯ ಮೇಲಾದರೆ ಪೈಪೂ ತಕ್ಕಮಟ್ಟಿಗೆ ನಡೆಯುತ್ತದೆ. ಸ್ಕ್ಯಾನ್ ಮಾಡದೆ ಸುಮ್ನೆ ಹೇಳಲಾಗದು.

ಆ ಹಿರಿಯರು ಕೊನೆಗೆ ಒಪ್ಪಿದರು. ಮೂರನೇ ದಿನ ಅವರ ಬೆರಳು ಹಿಡಿದು ಪಾದದ ಮೇಲಿಟ್ಟೆ. ನಾಡಿ ಬಡಿಯುತ್ತಿತ್ತು. ಹೆಬ್ಬೆರಳ ತುದಿ ಉಳಿಯಲಿಲ್ಲ, ಪಾದ ಉಳಿಯಿತು. ಬೀಡಿ ಬಿಟ್ಟು ಈಗ ಮತ್ತೆ ಗಲ್ಲಾದಲ್ಲಿ ಕೂರುತ್ತಿದ್ದಾರೆ.