ಪಂಪಿಗೆ ಗೊತ್ತಿಲ್ಲದ ತೂಕ

ಐಸಿಯುನಲ್ಲಿ ರೋಗಿಯ ಪಕ್ಕದಲ್ಲಿ, ಔಷಧಿಯನ್ನು ನಿಧಾನವಾಗಿ ರಕ್ತಕ್ಕೆ ತಳ್ಳುವ ಸಿರಿಂಜ್ ಪಂಪಿನ ಪರದೆ ಮೇಲೆ ಒಂದು ಸಂಖ್ಯೆ ಇರುತ್ತದೆ. ಗಂಟೆಗೆ 4.5 ಎಂಎಲ್ ಅಂತ ಇಟ್ಟುಕೊಳ್ಳಿ. ಡಾಕ್ಟರು ಬರೆದಿದ್ದು ಮಾತ್ರ ಬೇರೆ: ಡೋಪಮಿನ್ (ಕುಸಿದ ಬಿಪಿ ಏರಿಸುವ ಔಷಧಿ), ಕೆ.ಜಿ. ತೂಕಕ್ಕೆ ನಿಮಿಷಕ್ಕೆ 5 ಮೈಕ್ರೋಗ್ರಾಂ. ಅಲ್ಲಿಂದ ಇಲ್ಲಿಗೆ ಬರಲು ಶಾಲೆಯಲ್ಲಿ ಕಲಿತ ಗುಣಾಕಾರ, ಭಾಗಾಕಾರ ಸಾಕು.

ರೋಗಿಯ ತೂಕ 60 ಕೆ.ಜಿ. ಆದರೆ ನಿಮಿಷಕ್ಕೆ 300 ಮೈಕ್ರೋಗ್ರಾಂ ಬೇಕು. ಪಂಪಿಗೆ ಗಂಟೆಯ ಲೆಕ್ಕ ಬೇಕಲ್ಲ, 60ರಿಂದ ಗುಣಿಸಿದರೆ 18,000. ಸಿರಿಂಜಿನಲ್ಲಿ 200 ಮಿಲಿಗ್ರಾಂ ಔಷಧಿಯನ್ನು ಒಟ್ಟು 50 ಎಂಎಲ್ ಆಗುವಂತೆ ಬೆರೆಸಿದ್ದಾರೆ ಅನ್ನೋಣ. ಆಗ ಒಂದು ಎಂಎಲ್‌ನಲ್ಲಿ 4 ಮಿಲಿಗ್ರಾಂ, ಅಂದರೆ 4,000 ಮೈಕ್ರೋಗ್ರಾಂ. 18,000 ಭಾಗಿಸು 4,000, ಉತ್ತರ 4.5.

ನಿಮಿಷವನ್ನು ಗಂಟೆ ಮಾಡಲು ಮರೆತರೆ 60 ಪಟ್ಟು ತಪ್ಪು. ಮೈಕ್ರೋಗ್ರಾಂ ಇದ್ದಲ್ಲಿ ಮಿಲಿಗ್ರಾಂ ಅಂತ ಓದಿದರೆ 1,000 ಪಟ್ಟು. ಅದಕ್ಕೇ ಇಂಥ ಔಷಧಿಗಳಿಗೆ ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡುವ ರೂಢಿ ಇದೆ. ಈಗಿನ ಎಷ್ಟೋ ಪಂಪುಗಳು ಡೋಸ್ ಮಿತಿ ಮೀರಿದರೆ ಕೂಗಿ ಹೇಳುತ್ತವೆ.

ಆದರೆ ಆ 60 ಕೆ.ಜಿ. ಸರಿಯೋ ತಪ್ಪೋ ಪಂಪಿಗೆ ಹೇಗೆ ಗೊತ್ತಾಗಬೇಕು? ಪ್ರಜ್ಞೆ ಇಲ್ಲದವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಲು ಆಗುವುದಿಲ್ಲ. ಮನೆಯವರು ಒಂದು ಅಂದಾಜು ಹೇಳುತ್ತಾರೆ, ಇಲ್ಲವೇ ನರ್ಸ್ ಕಣ್ಣಳತೆಯಲ್ಲಿ ಬರೆದುಕೊಳ್ಳುತ್ತಾರೆ. ಇಡೀ ಲೆಕ್ಕದಲ್ಲಿ ನಂಬಿಕೆಗೆ ಕಷ್ಟವಾದ ಅಂಕಿ ಇದೇ. (ತುಂಬಾ ದಪ್ಪ ಇರುವವರಿಗೆ ಕೆಲವು ಔಷಧಿಗಳನ್ನು ಯಂತ್ರ ತೋರಿಸಿದ ತೂಕಕ್ಕಲ್ಲ, ಎತ್ತರಕ್ಕೆ ತಕ್ಕ ತೂಕಕ್ಕೆ ಲೆಕ್ಕ ಹಾಕುತ್ತಾರೆ. ಅದು ಇನ್ನೊಂದು ತಲೆನೋವು.)

ಡೋಪಮಿನ್ ವಿಷಯದಲ್ಲಿ ಅಂದಾಜು ತೂಕದ ತೊಂದರೆ ಅಷ್ಟಾಗಿ ಕಾಡುವುದಿಲ್ಲ. ರಕ್ತದಲ್ಲಿ ಅದರ ಪ್ರಮಾಣ ಸುಮಾರು 2 ನಿಮಿಷಕ್ಕೆಲ್ಲ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಬಿಪಿ ನೋಡುತ್ತಾ ಪಂಪಿನ ವೇಗವನ್ನು ಏರಿಸಬಹುದು, ಇಳಿಸಬಹುದು. ತೂಕ ಸ್ವಲ್ಪ ಆಚೀಚೆ ಆಗಿದ್ದರೂ ಬಿಪಿಯೇ ಅದನ್ನು ತಿದ್ದಿಸುತ್ತದೆ. ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕಷ್ಟೇ ಇಲ್ಲಿ ತೂಕ ಬೇಕು.

ಆಲ್ಟೆಪ್ಲೇಸ್ ಹಾಗಲ್ಲ. ಪಾರ್ಶ್ವವಾಯು ಆದಾಗ ಮಿದುಳಿನ ರಕ್ತನಾಳ ಮುಚ್ಚಿದ ಹೆಪ್ಪನ್ನು ಕರಗಿಸಲು ಕೊಡುವ ಔಷಧಿ ಇದು. ಕೆ.ಜಿ.ಗೆ 0.9 ಮಿಲಿಗ್ರಾಂ, ಒಟ್ಟು 90 ದಾಟುವಂತಿಲ್ಲ. ಹತ್ತರಲ್ಲಿ ಒಂದು ಪಾಲು ಒಂದು ನಿಮಿಷದಲ್ಲಿ, ಉಳಿದದ್ದು ಒಂದು ಗಂಟೆಯಲ್ಲಿ ಹೋಗಬೇಕು. 70 ಕೆ.ಜಿ. ಇರುವವರಿಗೆ 63 ಮಿಲಿಗ್ರಾಂ. ಅವರನ್ನೇ 80 ಅಂದುಕೊಂಡರೆ 72. ಜಾಸ್ತಿ ಹೋದರೆ ಮಿದುಳಿನಲ್ಲಿ ರಕ್ತಸ್ರಾವದ ಭಯ, ಕಮ್ಮಿಯಾದರೆ ಹೆಪ್ಪು ಕರಗದೆ ಉಳಿಯಬಹುದು. ಡೋಸ್ ಜಾಸ್ತಿಯಾಯಿತೋ ಕಮ್ಮಿಯಾಯಿತೋ ಎಂದು ಬಿಪಿ ನೋಡಿ ತಿಳಿಯುವ ಹಾಗೂ ಇಲ್ಲ. ನಿಮ್ಮ ತೂಕ ಎಷ್ಟು ಅಂತ ಕೇಳೋಣವೆಂದರೆ ರೋಗಿಗೆ ಎಷ್ಟೋ ಸಲ ಮಾತೇ ಹೊರಡುತ್ತಿರುವುದಿಲ್ಲ, ಕಾಯುತ್ತಾ ಕೂರಲು ಸಮಯವೂ ಇರುವುದಿಲ್ಲ. ಹಾಗಾಗಿ ಕೆಲವು ಆಸ್ಪತ್ರೆಗಳು ತುರ್ತು ವಿಭಾಗದಲ್ಲಿ ಮಂಚದೊಳಗೇ ತೂಕದ ಯಂತ್ರ ಇಟ್ಟಿರುತ್ತವೆ. ರೋಗಿಯನ್ನು ಮಲಗಿಸಿದರೆ ಸಾಕು, ತೂಕ ಸಿಗುತ್ತದೆ.