ಓಣಿಯಲ್ಲಿ ಉಳಿಯುವ ಮೇಷ್ಟ್ರು: ಮಲೆನಾಡಿನ ಕಲೆ ಮತ್ತು ಪೇಟೆ ಮಕ್ಕಳು

ಶಿವಮೊಗ್ಗದ ಒಂದು ಓಣಿಯ ಸಮುದಾಯ ಭವನ. ಬೇಸಿಗೆ ರಜೆ. ಸಾಗರದ ಕಡೆಯಿಂದ ಬಂದಿದ್ದ ಹೆಂಗಸೊಬ್ಬರು ಮಕ್ಕಳಿಗೆ ಹಸೆ ಚಿತ್ತಾರ ಕಲಿಸುತ್ತಿದ್ದರು. ಗೋಡೆಗೆ ಕೆಮ್ಮಣ್ಣು ಬಳಿದಾಗಿತ್ತು. ಅಕ್ಕಿ ನೆನೆಸಿ ಅರೆದ ಬಿಳಿ ಬಣ್ಣ ತೆಂಗಿನ ಚಿಪ್ಪಿನಲ್ಲಿತ್ತು. ಕುಂಚ ಅಂದರೆ ಪುಂಡಿ ನಾರು, ಅಷ್ಟೇ. ಹನ್ನೆರಡು ವರ್ಷದ ಹುಡುಗನೊಬ್ಬ ಗೆರೆ ಎಳೆಯಲು ಹೋದ. ಕೈ ನಡುಗಿ ಗೆರೆ ಸೊಟ್ಟಗಾಯಿತು. ‘ಉಸಿರು ಬಿಗಿ ಹಿಡೀಬೇಡ ಮಗಾ, ನಿಧಾನಕ್ಕೆ ಬಿಡ್ತಾ ಎಳಿ’ ಅಂದರು ಅವರು. ಮೂರನೇ ಗೆರೆ ನೆಟ್ಟಗೆ ಬಂತು. ಹುಡುಗ ಎರಡು ಹೆಜ್ಜೆ ಹಿಂದೆ ಸರಿದು, ತಾನೇ ಎಳೆದ ಗೆರೆಯನ್ನು ತುಂಬಾ ಹೊತ್ತು ನೋಡುತ್ತಾ ನಿಂತ.

ಹತ್ತನೇ ದಿನಕ್ಕೆ ಶಿಬಿರ ಮುಗಿಯಿತು. ‘ಮತ್ತೆ ಯಾವಾಗ ಬರ್ತೀರಾ ಅಕ್ಕಾ?’ ಅಂತ ಅದೇ ಹುಡುಗ ಕೇಳಿದ. ಅವರ ಹತ್ತಿರ ಉತ್ತರ ಇರಲಿಲ್ಲ. ದುಡ್ಡು ಬಂದಿದ್ದೇ ಹತ್ತು ದಿನಕ್ಕೆ. ಭವನಕ್ಕೆ ಮತ್ತೆ ಬೀಗ ಬಿತ್ತು.

ಪೇಟೆಯ ಬಡ ಮಕ್ಕಳ ಜೊತೆ ಕಲಾವಿದರನ್ನು ಕೂರಿಸುವ ಕೆಲಸ ಇವತ್ತು ನಮ್ಮಲ್ಲಿ ಬಹುತೇಕ ನಡೆಯುವುದು ಹೀಗೆ. ಕಲಾವಿದರು ಬರುತ್ತಾರೆ, ಫೋಟೋ ಆಗುತ್ತದೆ, ಹೋಗುತ್ತಾರೆ. ಈ ಕೆಲಸ ಶುರುವಾಗಿದ್ದು ಮಾತ್ರ ಹೀಗಲ್ಲ. ಎಲ್ಲಿ ತಿರುವು ತಗೊಂಡಿತು ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

‘ರೆಸಿಡೆಂಟ್ ಆರ್ಟಿಸ್ಟ್’ ಅನ್ನುವ ಮಾತನ್ನೇ ನೋಡಿ. ಅಲ್ಲೇ ವಾಸ ಮಾಡುವ ಕಲಾವಿದ ಅಂತ ಅದರ ಅರ್ಥ. 1884ರಲ್ಲಿ ಲಂಡನ್ನಿನ ಬಡವರ ಬಡಾವಣೆಯಲ್ಲಿ ಟಾಯ್ನ್‌ಬಿ ಹಾಲ್ ಶುರುವಾಯಿತು. ಓದಿದವರು ಬಡವರ ನಡುವೆಯೇ ಮನೆ ಮಾಡಿಕೊಂಡು ಇರಬೇಕು ಅನ್ನುವುದು ಅದರ ನಿಯಮ. ಅದನ್ನು ನೋಡಿ ಬಂದ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ಷಿಕಾಗೋದಲ್ಲಿ ಹಲ್ ಹೌಸ್ ತೆರೆದರು. ಸುತ್ತ ಇದ್ದವರು ಹೊಟ್ಟೆಪಾಡಿಗೆ ವಲಸೆ ಬಂದ ಕೂಲಿಕಾರರು. ಆ ಮನೆಗೆ ಸೇರಿಸಿ ಮೊದಲು ಕಟ್ಟಿದ ಹೊಸ ಕಟ್ಟಡ ಯಾವುದು ಗೊತ್ತಾ? ಚಿತ್ರಶಾಲೆ. ಆಮೇಲೆ ಸಂಗೀತ ಶಾಲೆ, ನಾಟಕ ಎಲ್ಲ ಬಂತು. ಅಲ್ಲಿ ಇದ್ದು ಕೆಲಸ ಮಾಡುವವರನ್ನು ‘ರೆಸಿಡೆಂಟ್’ ಅಂತಲೇ ಕರೆಯುತ್ತಿದ್ದರು.

1935ರಲ್ಲಿ ಅಮೆರಿಕದಲ್ಲಿ ದುಡಿಮೆ ಇಲ್ಲದೆ ಜನ ಕಂಗಾಲಾಗಿದ್ದಾಗ ಅಲ್ಲಿನ ಸರ್ಕಾರವೇ ಕಲಾವಿದರಿಗೆ ಸಂಬಳ ಕೊಟ್ಟು ಕೆಲಸಕ್ಕೆ ಹಚ್ಚಿತು. ದೇಶದಲ್ಲಿ ನೂರಕ್ಕೂ ಹೆಚ್ಚು ಸಮುದಾಯ ಕಲಾ ಕೇಂದ್ರಗಳು ಹುಟ್ಟಿದವು. ಹಾರ್ಲೆಮ್‌ನಲ್ಲಿ ಕಪ್ಪು ಜನರ ಮಕ್ಕಳಿಗಾಗಿ ಶಿಲ್ಪಿ ಆಗಸ್ಟಾ ಸ್ಯಾವೇಜ್ ಇಂಥದ್ದೇ ಒಂದು ಕೇಂದ್ರ ನಡೆಸಿದರು. 1943ಕ್ಕೆ ಆ ಯೋಜನೆ ನಿಂತಿತು. ಆಮೇಲೆ ಈ ಕೆಲಸ ಹೆಚ್ಚಾಗಿ ಸಣ್ಣ ಸಂಸ್ಥೆಗಳ ಹೆಗಲಿಗೆ ಬಂತು. 1968ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಬಿಲ್ ಸ್ಟ್ರಿಕ್‌ಲ್ಯಾಂಡ್ ತನ್ನದೇ ಬಡಾವಣೆಯ ಮಕ್ಕಳಿಗೆ ಮಡಕೆ ಮಾಡುವುದನ್ನು ಕಲಿಸಲು ಕೂತರು. ತಾನು ಹೈಸ್ಕೂಲಿನಲ್ಲಿದ್ದಾಗ ಮೇಷ್ಟ್ರೊಬ್ಬರು ತಿಗರಿ ತಿರುಗಿಸುವುದನ್ನು ಕಂಡು ಬದುಕೇ ಬದಲಾದವರು ಅವರು. 1991ರಲ್ಲಿ ಬಾಸ್ಟನ್ನಿನಲ್ಲಿ ಶುರುವಾದ ಆರ್ಟಿಸ್ಟ್ಸ್ ಫಾರ್ ಹ್ಯುಮಾನಿಟಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಲಾವಿದರ ಜೊತೆ ಕೂತು ಕೆಲಸ ಮಾಡುವ ಹದಿಹರೆಯದವರಿಗೂ ಸಂಬಳ ಕೊಟ್ಟಿತು. ನನಗೆ ಇದು ತುಂಬಾ ಮುಖ್ಯ ಅನಿಸುತ್ತದೆ. ಬಡವರ ಮನೆಯ ಹುಡುಗನಿಗೆ ಸಂಜೆ ಹೊತ್ತು ಸುಮ್ನೆ ಸಿಗುವ ಹೊತ್ತಲ್ಲ. ಗ್ಯಾರೇಜಿನಲ್ಲೋ ಬೇಕರಿಯಲ್ಲೋ ಅವನಿಗೆ ಕೆಲಸ ಇರುತ್ತದೆ.

ಈಗ ನಮ್ಮ ಕಡೆಗೆ ಬರೋಣ.

1949ರಲ್ಲಿ ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ಅದೇ ನೀನಾಸಂ. ಅಡಿಕೆ ತೋಟದ ನಡುವಿನ ಸಣ್ಣ ಊರು ಅದು. 1980ರಲ್ಲಿ ಅಲ್ಲಿ ನಾಟಕ ಶಾಲೆ ಶುರುವಾಯಿತು. ನಾಡಿನ ಎಲ್ಲ ಕಡೆಯ ಹುಡುಗ ಹುಡುಗಿಯರು ಬಂದು, ಅಲ್ಲೇ ಉಂಡು, ಅಲ್ಲೇ ಮಲಗಿ ಕಲಿತರು. 1983ರಲ್ಲಿ ಫೋರ್ಡ್ ಫೌಂಡೇಶನ್ ನೆರವಿನಿಂದ ‘ಜನಸ್ಪಂದನ’ ನಡೆಯಿತು. ರಂಗಕರ್ಮಿಗಳು ಕರ್ನಾಟಕದ ಹಳ್ಳಿ ಹಳ್ಳಿಗೆ ಹೋಗಿ ಅಲ್ಲಿನ ಜನರ ಜೊತೆ ನಾಟಕ ಮಾಡಿಸಿದರು, ಸಿನಿಮಾ ತೋರಿಸಿದರು. ರಂಗ ನಿರ್ದೇಶಕ ಚಿದಂಬರರಾವ್ ಜಂಬೆ ಉತ್ತರ ಕನ್ನಡದ ಮಂಚೀಕೇರಿಯಲ್ಲಿ ಸಿದ್ದಿ ಜನಾಂಗದವರ ಜೊತೆ ನಾಟಕ ಕಟ್ಟಿದರು. ಕಾಡಂಚಿನಲ್ಲಿ ಕೂಲಿ ಮಾಡುತ್ತಿದ್ದವರು ರಂಗದ ಮೇಲೆ ನಿಂತರು. ಆಮೇಲೆ ಸಿದ್ದಿಗಳಲ್ಲೇ ನಟರು, ನಿರ್ದೇಶಕರು ಬೆಳೆದರು. ಇವತ್ತು ಆ ಸಮುದಾಯದ ಹೆಸರು ರಂಗಭೂಮಿಯಲ್ಲಿ ಕೇಳಿಬರುತ್ತದೆ ಅಂದರೆ, ಅವತ್ತು ಯಾರೋ ಒಬ್ಬರು ಅಲ್ಲಿಗೆ ಹೋಗಿ ಅವರ ಜೊತೆ ದಿನಗಟ್ಟಲೆ ಕೂತಿದ್ದಕ್ಕೆ.

1985ರಿಂದ ‘ನೀನಾಸಂ ತಿರುಗಾಟ’ ಅನ್ನುವ ನಾಟಕ ತಂಡ ಊರೂರು ಸುತ್ತುತ್ತಿದೆ. 1991ರಲ್ಲಿ ಸುಬ್ಬಣ್ಣ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಹಾಗಾಗಿ ಕಲಾವಿದ ಜನರ ನಡುವೆ ಇರಬೇಕು ಅನ್ನುವುದು ಮಲೆನಾಡಿಗೆ ಹೊಸ ಮಾತೇನಲ್ಲ. ಹೊರಗಿನಿಂದ ತರಬೇಕಾದ ಮಾದರಿಯೂ ಅಲ್ಲ. ನಮ್ಮ ಜಿಲ್ಲೆಯೇ ನಾಡಿಗೆ ಕಲಿಸಿದ್ದು ಇದನ್ನು. ಆದರೆ ಈ ಕತೆಯಲ್ಲಿ ಒಂದು ಜಾಗ ಖಾಲಿ ಉಳಿಯಿತು. ಅದು ಪೇಟೆ.

ಆಗಿನ ಹಂಬಲ ಹಳ್ಳಿ. ಅದು ಸರಿಯೇ ಇತ್ತು. ಕಲೆ ಎಲ್ಲ ಬೆಂಗಳೂರು ಮೈಸೂರಿನಲ್ಲೇ ಇದ್ದ ಕಾಲ. 1975ರಲ್ಲಿ ಹುಟ್ಟಿದ ‘ಸಮುದಾಯ’ ಅನ್ನುವ ನಾಟಕ ತಂಡವೂ ಜಾಥಾ ಕಟ್ಟಿಕೊಂಡು ಬೀದಿ ನಾಟಕದ ಜೊತೆ ಹಳ್ಳಿಗಳಿಗೆ ಹೋಯಿತು. ಇತ್ತ ಶಿವಮೊಗ್ಗದಲ್ಲಿ 1930ರಿಂದ ಕರ್ನಾಟಕ ಸಂಘ ಇತ್ತು. ಓದು ಬರಹ ಇದ್ದವರಿಗೆ ಭಾಷಣ, ನಾಟಕ, ಸಂಗೀತ ಸಿಗುತ್ತಿತ್ತು. ನಡುವೆ ಬಿಟ್ಟುಹೋದವರು ತುಂಗಾ ದಂಡೆಯ, ರೈಲು ಹಳಿ ಪಕ್ಕದ, ಮಾರುಕಟ್ಟೆ ಹಿಂದಿನ ಓಣಿಗಳ ಮಕ್ಕಳು.

ಆ ಓಣಿಗಳು ಒಂದೇ ದಿನ ಹುಟ್ಟಿದ್ದಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿತು. ಆಮೇಲೆ ಕಾಗದ ಕಾರ್ಖಾನೆ ಬಂತು. ದುಡಿಮೆ ಹುಡುಕಿ ಜನ ಬಂದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿತು. ಶರಾವತಿ ಕಣಿವೆಯ ಎಷ್ಟೋ ಊರು ನೀರಿನಡಿ ಹೋಯಿತು, ಜನ ಚೆಲ್ಲಾಪಿಲ್ಲಿಯಾದರು. ಮುಂದೆ ಕಾಗದ ಕಾರ್ಖಾನೆ ನಿಂತಿತು, ಕಬ್ಬಿಣದ ಕಾರ್ಖಾನೆ ಸೊರಗಿತು. 2011ರ ಜನಗಣತಿ ಹೊತ್ತಿಗೆ ಶಿವಮೊಗ್ಗ ನಗರದ ಜನಸಂಖ್ಯೆ 3 ಲಕ್ಷ 22 ಸಾವಿರ ದಾಟಿತ್ತು. ಹಳ್ಳಿಯಿಂದ ಬಂದವರು ತಮ್ಮ ಡೊಳ್ಳು, ಕೋಲಾಟ, ಸೋಬಾನೆ ಎಲ್ಲವನ್ನೂ ಅಲ್ಲೇ ಬಿಟ್ಟು ಬಂದಿದ್ದರು. ಬಾಡಿಗೆ ಮನೆಯ ಎರಡು ಕೋಣೆಯಲ್ಲಿ ಡೊಳ್ಳು ಎಲ್ಲಿಡೋದು?

1989ರಲ್ಲಿ ಎರಡು ಸಂಗತಿ ಒಟ್ಟಿಗೆ ಆದವು. ಮೈಸೂರಿನಲ್ಲಿ ಬಿ.ವಿ. ಕಾರಂತರು ರಂಗಾಯಣ ಅನ್ನುವ ನಾಟಕ ಸಂಸ್ಥೆ ಕಟ್ಟಿದರು. ದೆಹಲಿಯಲ್ಲಿ ರಾಷ್ಟ್ರೀಯ ನಾಟಕ ಶಾಲೆ ಮಕ್ಕಳಿಗಾಗಿಯೇ ಒಂದು ತಂಡ ಕಟ್ಟಿತು. ನಾಟಕ ಕಲಾವಿದರಿಗೆ ತಿಂಗಳ ಸಂಬಳ, ಮಕ್ಕಳ ಜೊತೆ ಕೆಲಸ ಮಾಡುವುದೇ ಒಂದು ವೃತ್ತಿ: ಇವೆರಡೂ ನಮ್ಮಲ್ಲಿ ಗಟ್ಟಿಯಾಗಿದ್ದು ಆಗ. ರಂಗಾಯಣದ ‘ಚಿಣ್ಣರ ಮೇಳ’ ನಾಡಿನ ತುಂಬಾ ಬೇಸಿಗೆ ಶಿಬಿರಗಳಿಗೆ ಮಾದರಿಯಾಯಿತು. ಮುಂದೆ ಶಿವಮೊಗ್ಗಕ್ಕೂ ರಂಗಾಯಣ ಬಂತು.

ಶಿಬಿರದಿಂದ ಒಳ್ಳೆಯದೇ ಆಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಶಿಬಿರ ಅನ್ನುವುದು ಏಪ್ರಿಲ್ ಮೇ ತಿಂಗಳ ಲೆಕ್ಕ. ಖಾಸಗಿ ಶಿಬಿರಗಳಿಗೆ ಶುಲ್ಕ ಇದೆ, ಬಿಟ್ಟು ಬಂದು ಕರೆದುಕೊಂಡು ಹೋಗಲು ಸ್ಕೂಟರ್ ಇರುವ ಅಪ್ಪ ಅಮ್ಮ ಬೇಕು. ಓಣಿಯ ಮಕ್ಕಳಿಗೆ ಅದೇ ರಜೆ ದುಡಿಯುವ ಕಾಲ.

ದುಡ್ಡಿನ ವಿಷಯಕ್ಕೆ ಬಂದರೆ, ಬರುವ ದಾರಿಗಳು ಇವೆ. ದೊಡ್ಡ ಕಂಪನಿಗಳು ಲಾಭದ 2% ಹಣವನ್ನು ಸಮಾಜಕ್ಕೆ ಕೊಡಬೇಕು ಅನ್ನುವ ನಿಯಮ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪಟ್ಟಿಯಲ್ಲಿ ಕಲೆ, ಸಂಸ್ಕೃತಿಯೂ ಉಂಟು. ಕೇಂದ್ರ ಸಂಸ್ಕೃತಿ ಸಚಿವಾಲಯದ ಗುರು ಶಿಷ್ಯ ಪರಂಪರೆ ಅನುದಾನದಲ್ಲಿ ಗುರುವಿಗೆ ತಿಂಗಳಿಗೆ 15,000 ರೂಪಾಯಿ, ಶಿಷ್ಯರಿಗೆ ವಯಸ್ಸು ನೋಡಿ 2,000ದಿಂದ 10,000ದವರೆಗೆ ಇದೆ. ಅದು ತಂಡಗಳಿಗೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ‘ಕಲಿ ಕಲಿಸು’ ಅಂತ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಕಲಾವಿದರು, ಮೇಷ್ಟ್ರುಗಳ ಜೊತೆ ವರ್ಷಗಳಿಂದ ಕೆಲಸ ಮಾಡುತ್ತಾ ಬಂದಿದೆ. ಅದು ಶಾಲೆಯ ಒಳಗಿನ ಕೆಲಸ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆ ಬದಲಾಯಿತು. ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಸಣ್ಣ ಸಂಸ್ಥೆಗೆ ಹಂಚುವಂತಿಲ್ಲ. ಜಿಲ್ಲೆಗಳ ಪುಟ್ಟ ತಂಡಗಳಿಗೆ ಆ ಬಾಗಿಲೂ ಮುಚ್ಚಿತು.

ಒಂದು ಸಲ ನಾನೂ ಇಂಥ ದುಡ್ಡಿಗಾಗಿ ಅರ್ಜಿ ಬರೆಯಲು ಕೂತಿದ್ದೆ. ಎಷ್ಟು ಮಕ್ಕಳು, ಎಷ್ಟು ಪ್ರದರ್ಶನ, ಎಷ್ಟು ಪ್ರೇಕ್ಷಕರು, ಎಲ್ಲಕ್ಕೂ ಖಾನೆ ಇತ್ತು. ಕಲಾವಿದರು ಹನ್ನೊಂದು ತಿಂಗಳು ಅದೇ ಓಣಿಯಲ್ಲಿ ಬಾಡಿಗೆಗೆ ಇರುತ್ತಾರೆ ಅಂತ ಬರೆಯಲು ಜಾಗವೇ ಇರಲಿಲ್ಲ. ‘ಇತರೆ’ ಅನ್ನುವ ಖಾನೆಯಲ್ಲಿ ಬರೆದೆ. ಬಾಡಿಗೆ ಕೊಡಲಾಗುವುದಿಲ್ಲ, ಹದಿನೈದು ದಿನದ ಕಾರ್ಯಾಗಾರ ಮಾಡಿ ಅಂತ ಉತ್ತರ ಬಂತು.

ಕಲಾವಿದರು ಅಲ್ಲೇ ಇದ್ದರೆ ಏನಾಗುತ್ತದೆ ಅನ್ನುವುದು ಓಣಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಮೊದಲ ತಿಂಗಳು ಯಾರೂ ಬರುವುದಿಲ್ಲ. ಎರಡನೇ ತಿಂಗಳು ಗಂಡು ಹುಡುಗರು ಬರುತ್ತಾರೆ, ಗಲಾಟೆ ಮಾಡುತ್ತಾರೆ. ಹೆಣ್ಣುಮಕ್ಕಳ ತಾಯಂದಿರು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಾರೆ. ಮೇಷ್ಟ್ರು ಅವರದ್ದೇ ಅಂಗಡಿಯಲ್ಲಿ ಹಾಲು ತಗೊಂಡು, ಅವರದ್ದೇ ನಲ್ಲಿಯಲ್ಲಿ ನೀರು ಹಿಡಿದ ಮೇಲೆ ತಾನೇ ಮಗಳನ್ನು ಕಳಿಸುವುದು. ಆರೂವರೆಗೆ ಬಿಡಬೇಕು, ಕತ್ತಲಾಗಬಾರದು ಅನ್ನುವ ಮಾತಿನ ಜೊತೆ. ಹಬ್ಬದ ಹೊತ್ತಿಗೆ ಊರಲ್ಲಿ ಗಲಾಟೆಯಾಗಿ ಅಂಗಡಿ ಮುಚ್ಚಿದರೆ ತಾಲೀಮೂ ನಿಲ್ಲುತ್ತದೆ. ಶಿವಮೊಗ್ಗದವರಿಗೆ ಆ ದಿನಗಳು ಎಂಥವು ಅಂತ ಹೇಳಬೇಕಾಗಿಲ್ಲ. ಆಮೇಲೆ ಎರಡೂ ಕಡೆಯ ಓಣಿಯ ಮಕ್ಕಳು ಮತ್ತೆ ಒಂದೇ ಡೊಳ್ಳಿನ ಸುತ್ತ ಸೇರಬೇಕಾದರೆ ಇಬ್ಬರ ಮನೆಗೂ ಹೋಗಿ ಕರೆತರಬಲ್ಲವರು ಒಬ್ಬರು ಬೇಕು. ಹತ್ತು ದಿನಕ್ಕೆ ಬಂದವರಿಂದ ಇದು ಆಗುತ್ತದಾ?

ಕಲಾವಿದರಿಗೆ ನಮ್ಮಲ್ಲಿ ಬರ ಇಲ್ಲ. ನೀನಾಸಂನಲ್ಲಿ ಕಲಿತು ಬಂದವರು ಪ್ರತಿ ವರ್ಷ ಕೆಲಸ ಹುಡುಕುತ್ತಾರೆ. ಸೊರಬ, ಸಾಗರದಲ್ಲಿ ಮರದ ಕೆತ್ತನೆ ಮಾಡುವ ಗುಡಿಗಾರರು ಇದ್ದಾರೆ. ದೀವರು ಸಮುದಾಯದ ಮನೆಗಳಲ್ಲಿ ಚಿತ್ತಾರ ಬಲ್ಲ ಅಜ್ಜಿಯರು ಇದ್ದಾರೆ. ಹೊಸನಗರದ ಕಡೆ ಯಕ್ಷಗಾನದ ಭಾಗವತರು, ಮದ್ದಲೆಯವರು ಮಳೆಗಾಲದಲ್ಲಿ ಮೇಳ ಇಲ್ಲದೆ ಬಿಡುವಾಗಿರುತ್ತಾರೆ. ಅದೇ ಜೂನ್‌ನಲ್ಲಿ ಶಾಲೆ ಶುರು, ಮಕ್ಕಳು ಊರಲ್ಲೇ ಇರುತ್ತಾರೆ. ಇದನ್ನು ಜೋಡಿಸಲು ಒಂದು ಕೋಣೆಯ ಬಾಡಿಗೆ, ವರ್ಷದ ಗೌರವಧನ, ಸಂಜೆ ಮಕ್ಕಳಿಗೆ ಟೀ ಬನ್ನು ಸಾಕು.

ಆ ಸಮುದಾಯ ಭವನದ ಮುಂದೆ ಮಳೆಗಾಲದಲ್ಲಿ ಮತ್ತೆ ಹೋಗಿದ್ದೆ. ಬೀಗ ಹಾಗೇ ಇತ್ತು. ಕಿಟಕಿಯಿಂದ ನೋಡಿದರೆ ಕೆಮ್ಮಣ್ಣಿನ ಮೇಲೆ ಹುಡುಗನ ಮೂರು ಗೆರೆಗಳು ಕಾಣುತ್ತಿದ್ದವು. ಬೀಗದ ಕೈ ಯಾರ ಹತ್ತಿರ ಇದೆ ಅಂತ ಪಕ್ಕದ ಅಂಗಡಿಯಲ್ಲಿ ಕೇಳಿದೆ. ಮದುವೆ, ಮೀಟಿಂಗು ಇದ್ದಾಗ ಮಾತ್ರ ಯಾರೋ ತಂದು ತೆಗೆಯುತ್ತಾರೆ ಅಂದರು.