ರಬ್ಬರು ಜಾರುವಲ್ಲಿ ಕಬ್ಬಿಣ ಕಚ್ಚುತ್ತದೆ

"ನಮ್ಮದು ಫೋರ್ ವೀಲ್ ಡ್ರೈವ್. ಚೈನು ಯಾಕೆ ಬೇಕು?"

ಡಿಸೆಂಬರ್ ಬಂತೆಂದರೆ ಕ್ಯಾಲಿಫೋರ್ನಿಯಾದ ಬೇ ಏರಿಯಾ ಕನ್ನಡಿಗರ ನಡುವೆ ಈ ಮಾತು ಕೇಳಿಯೇ ಕೇಳುತ್ತದೆ. ಚೈನು ಎಂದರೆ ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಸರಪಳಿ. ಮಕ್ಕಳಿಗೆ ಹಿಮ ತೋರಿಸಿಕೊಂಡು ಬರೋಣ ಅಂತ ಸಿಯೆರಾ ನೆವಾಡ ಬೆಟ್ಟಸಾಲಿನ ಲೇಕ್ ತಾಹೋಗೆ ಹೊರಡುತ್ತಾರೆ. ಸ್ಯಾಕ್ರಮೆಂಟೊ ದಾಟುವವರೆಗೆ ಬರೀ ಬಯಲು. ಆಮೇಲೆ ಐ-80 ಹೆದ್ದಾರಿ ಏರುತ್ತಾ ಏರುತ್ತಾ ಡಾನರ್ ಸಮಿಟ್ ಹತ್ತಿರ 2,200 ಮೀಟರ್ ಮುಟ್ಟುತ್ತದೆ. ಬೆಳಗ್ಗೆ ತೆಳು ಜಾಕೆಟ್ಟಿನಲ್ಲಿ ಮನೆ ಬಿಟ್ಟವರು ಮಧ್ಯಾಹ್ನಕ್ಕೆ ಹಿಮಗಾಳಿಯ ನಡುವೆ ಇರುತ್ತಾರೆ. ಆ ಧೈರ್ಯದ ಮಾತು ಕೇಳಿದಾಗೆಲ್ಲ ನನಗೆ ದಿಗಿಲಾಗುತ್ತದೆ. ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ಹಿಮದ ರಸ್ತೆಯಲ್ಲಿ ಅರ್ಧ ಸತ್ಯವೇ ಜಾಸ್ತಿ ಅಪಾಯ.

ಫೋರ್ ವೀಲ್ ಡ್ರೈವ್ ಎಂದರೆ ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹಂಚಿಕೆಯಾಗುತ್ತದೆ. ಹೊರಡುವಾಗ, ಏರು ಹತ್ತುವಾಗ ಅದು ನಿಜಕ್ಕೂ ಸಹಾಯ ಮಾಡುತ್ತದೆ. ಆದರೆ ಬ್ರೇಕು? ಅದು ಎಲ್ಲಾ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುವುದು. ನಿಲ್ಲಿಸುವ ವಿಷಯದಲ್ಲಿ ದುಬಾರಿ ಎಸ್‌ಯುವಿಗೂ ಹಳೇ ಸಣ್ಣ ಕಾರಿಗೂ ಈ ಕಾರಣಕ್ಕೆ ಯಾವ ವ್ಯತ್ಯಾಸವೂ ಇಲ್ಲ. ಲೆಕ್ಕ ಹಾಕಿ ನೋಡೋಣ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಒಣ ಡಾಂಬರಿನ ಮೇಲೆ ಬ್ರೇಕ್ ಒತ್ತಿದ ಮೇಲೆ ಸುಮಾರು 14 ಮೀಟರಿನಲ್ಲಿ ನಿಲ್ಲುತ್ತದೆ. ಅಲ್ಲಿ ಘರ್ಷಣಾಂಕ, ಅಂದರೆ ಟೈರು ನೆಲವನ್ನು ಹಿಡಿಯುವ ಅಳತೆ, 0.7ರ ಆಸುಪಾಸು. ಗಟ್ಟಿ ಐಸಿನ ಮೇಲೆ ಅದು 0.1ಕ್ಕೆ ಇಳಿಯುತ್ತದೆ. ಅದೇ ಕಾರಿಗೆ ಈಗ ಹೆಚ್ಚುಕಡಿಮೆ 100 ಮೀಟರ್ ಬೇಕು. ಇನ್ನು ರಸ್ತೆ ನೂರು ಮೀಟರಿಗೆ ಆರು ಮೀಟರ್ ಇಳಿಯುತ್ತಿದೆ ಅಂದುಕೊಳ್ಳಿ. ಇದ್ದ 0.1ರಲ್ಲಿ 0.06 ಇಳಿಜಾರಿನ ಎಳೆತಕ್ಕೇ ಹೋಯಿತು. ಉಳಿದ 0.04ರಲ್ಲಿ ಕಾರು ನಿಲ್ಲಲು ಸುಮಾರು 250 ಮೀಟರ್ ಬೇಕು! ಎದುರಿಗೆ ಇರುವ ಲಾರಿಗೆ ನಿಮ್ಮ ಕಾರು ಎಷ್ಟು ಚಕ್ರದಲ್ಲಿ ಓಡುತ್ತದೆ ಎನ್ನುವುದು ಗೊತ್ತಾಗುವುದಿಲ್ಲ.

ಐಸು ಇಷ್ಟೊಂದು ಜಾರುವುದೇಕೆ? ಶಾಲೆಯಲ್ಲಿ ಹೇಳಿಕೊಟ್ಟ ಉತ್ತರ ಹಲವರಿಗೆ ನೆನಪಿರಬಹುದು. ಭಾರ ಬಿದ್ದರೆ ಐಸು ಕರಗುತ್ತದೆ, ಕರಗಿದ ನೀರು ಜಾರಿಸುತ್ತದೆ ಅಂತ. ಒತ್ತಡ ಹೆಚ್ಚಾದರೆ ಐಸು ಕರಗುವ ಉಷ್ಣತೆ ಇಳಿಯುತ್ತದೆ ಎಂದು ಜೇಮ್ಸ್ ಥಾಮ್ಸನ್ 1849ರಲ್ಲೇ ಲೆಕ್ಕ ಮಾಡಿ ತೋರಿಸಿದ್ದ. ಈತ ಲಾರ್ಡ್ ಕೆಲ್ವಿನ್‌ನ ಅಣ್ಣ. 1886ರಲ್ಲಿ ಡಬ್ಲಿನ್ನಿನ ಜಾನ್ ಜೋಲಿ ಇದನ್ನೇ ಸ್ಕೇಟಿಂಗಿಗೆ ಅನ್ವಯಿಸಿದ. ಕೇಳಲು ಚೆನ್ನಾಗಿದೆ, ಪುಸ್ತಕಗಳಲ್ಲಿ ಇಂದಿಗೂ ಓಡಾಡುತ್ತಿದೆ. ಆದರೆ ಲೆಕ್ಕ ಕೂಡುವುದಿಲ್ಲ. ಕರಗುವ ಬಿಂದು ಒಂದೇ ಒಂದು ಡಿಗ್ರಿ ಇಳಿಯಬೇಕಾದರೆ ಸುಮಾರು 135 ವಾತಾವರಣದಷ್ಟು ಒತ್ತಡ ಬೇಕು. ಕಾರಿನ ಟೈರು ನೆಲದ ಮೇಲೆ ಹಾಕುವ ಒತ್ತಡ ಅದರೊಳಗಿನ ಗಾಳಿಯ ಒತ್ತಡಕ್ಕೆ ಹೆಚ್ಚುಕಡಿಮೆ ಸಮ, ಅಂದರೆ ಎರಡೂವರೆಗಿಂತ ಕಮ್ಮಿ. ಅಷ್ಟರಿಂದ ಕರಗುವ ಬಿಂದು ಇಳಿಯುವುದು ಡಿಗ್ರಿಯ ನೂರರಲ್ಲಿ ಒಂದೆರಡು ಪಾಲು. ಕಾರಿನ ಭಾರಕ್ಕೆ ಐಸು ಕರಗಿ ಜಾರುತ್ತದೆ ಎನ್ನುವುದು ಸುಮ್ನೆ ಮಾತು.

ಸರಿಯಾದ ಸುಳಿವು ಕೊಟ್ಟವನು ಮೈಕೆಲ್ ಫ್ಯಾರಡೆ. ಎರಡು ಐಸಿನ ತುಂಡುಗಳನ್ನು ತಾಗಿಸಿ ಇಟ್ಟರೆ ಅಂಟಿಕೊಂಡು ಒಂದಾಗುತ್ತವೆ, ಅಲ್ವಾ? ಐಸಿನ ಮೈಮೇಲೆ ಯಾವಾಗಲೂ ತೆಳುವಾದ, ನೀರಿನಂಥ ಪದರ ಇರಬೇಕು, ನಡುವೆ ಸಿಕ್ಕಿಬಿದ್ದಾಗ ಅದು ಹೆಪ್ಪುಗಟ್ಟುತ್ತದೆ ಎಂದು 1850ರಲ್ಲಿ ಆತ ವಾದಿಸಿದ. ಅವನ ಮಾತನ್ನು ಆಗ ಹೆಚ್ಚು ಜನ ಒಪ್ಪಲಿಲ್ಲ. ಇಂದು ಆ ಪದರವನ್ನು ಅಳೆದು ನೋಡಿದ್ದಾರೆ. ಐಸಿನ ಒಳಗಿರುವ ನೀರಿನ ಅಣುವಿಗೆ ಸುತ್ತಲೂ ಹಿಡಿದುಕೊಳ್ಳಲು ಅಣುಗಳಿವೆ. ಮೇಲ್ಮೈಯ ಅಣುವಿಗೆ ಒಂದು ಕಡೆ ಯಾರೂ ಇಲ್ಲ. ತುಂಬಿದ ಬಸ್ಸಿನ ಮಧ್ಯೆ ನಿಂತವರು ಅಲುಗಾಡುವುದಿಲ್ಲ, ಫುಟ್‌ಬೋರ್ಡಿನಲ್ಲಿ ನಿಂತವರು ತೂಗಾಡುತ್ತಾರೆ; ಹಾಗೆ. ಈ ಸಡಿಲ ಪದರದ ಜೊತೆಗೆ ಉಜ್ಜುವಿಕೆಯ ಬಿಸಿಯೂ ಸೇರಿಕೊಳ್ಳುತ್ತದೆ. 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾಯೋಖ್‌ನ ಐಸಿನ ಗುಹೆಯಲ್ಲಿ ಪ್ರಯೋಗ ಮಾಡಿ ಈ ಬಿಸಿಯ ಪಾತ್ರವನ್ನು ತೋರಿಸಿದರು.

ನನಗೆ ತುಂಬ ಇಷ್ಟವಾದ ಸಂಗತಿ ಇದರ ಮುಂದಿನದು. ಚಳಿ ಹೆಚ್ಚಾದಷ್ಟೂ ರಸ್ತೆ ಹೆಚ್ಚು ಜಾರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಟೈರಿನ ಮಟ್ಟಿಗೆ ಅದು ಉಲ್ಟಾ. ಸೊನ್ನೆಗಿಂತ 20 ಡಿಗ್ರಿ ಕೆಳಗಿರುವ ಐಸಿನ ಮೇಲೆ ರಬ್ಬರಿಗೆ ಒಂದಿಷ್ಟು ಹಿಡಿತ ಸಿಗುತ್ತದೆ. ಸೊನ್ನೆಯ ಅಂಚಿನಲ್ಲಿ ಒದ್ದೆಯಾಗಿ ಹೊಳೆಯುವ ಐಸೇ ಮಹಾ ಮೋಸಗಾರ. ಮತ್ತೆ ಸಿಯೆರಾ ನೆವಾಡದ ಹಿಮ ಅಂಥದ್ದೇ. ಪೆಸಿಫಿಕ್ ಸಾಗರದಿಂದ ಬರುವ ತೇವದ ಮೋಡಗಳು ಇಲ್ಲಿ ಭಾರವಾದ, ಒದ್ದೆ ಹಿಮ ಸುರಿಸುತ್ತವೆ. ಅಲ್ಲಿಯವರು ಅದಕ್ಕೆ ಸಿಯೆರಾ ಸಿಮೆಂಟ್ ಎಂದೇ ಹೆಸರಿಟ್ಟಿದ್ದಾರೆ. ಮೊದಲು ಓಡಿದ ಗಾಡಿಗಳು ಅದನ್ನು ತುಳಿದು ಪಾಲಿಶ್ ಮಾಡುತ್ತವೆ. ಹಿಂದೆ ಬಂದವರಿಗೆ ಕನ್ನಡಿ ಸಿಗುತ್ತದೆ.

ಡಾನರ್ ಕಣಿವೆ ಸುಮ್ಮನೆ ಹೆಸರು ಪಡೆದದ್ದಲ್ಲ. 1846ರಲ್ಲಿ ಎತ್ತಿನ ಬಂಡಿಗಳಲ್ಲಿ ಪಶ್ಚಿಮಕ್ಕೆ ಹೊರಟ ಡಾನರ್ ತಂಡ ಇಲ್ಲೇ ಹಿಮದಲ್ಲಿ ಸಿಕ್ಕಿಕೊಂಡಿತು. ಎಂಬತ್ತಕ್ಕೂ ಹೆಚ್ಚು ಜನರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ವಸಂತ ನೋಡಲಿಲ್ಲ. ನೂರು ವರ್ಷದ ಮೇಲೆ, 1952ರ ಜನವರಿಯಲ್ಲಿ, 'ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೊ' ಎಂಬ ರೈಲು ಇನ್ನೂರಕ್ಕೂ ಹೆಚ್ಚು ಜನರ ಸಮೇತ ಇದೇ ಬೆಟ್ಟಸಾಲಿನಲ್ಲಿ ಮೂರು ದಿನ ಹೂತುಹೋಗಿತ್ತು. ಡೀಸೆಲ್ ಎಂಜಿನ್ನು, ಉಕ್ಕಿನ ಹಳಿ ಇದ್ದೂ ಹೀಗಾಯಿತು.

ಈಗ ಚೈನಿಗೆ ಬರೋಣ. ಚೈನು ಘರ್ಷಣೆ ಹೆಚ್ಚಿಸುತ್ತದೆ ಎನ್ನುತ್ತಾರೆ. ಉಕ್ಕನ್ನು ಐಸಿನ ಮೇಲೆ ಉಜ್ಜಿ ನೋಡಿ, ರಬ್ಬರಿಗಿಂತ ಸಲೀಸಾಗಿ ಜಾರುತ್ತದೆ. ಸ್ಕೇಟಿನ ಅಲಗು ಉಕ್ಕಿನದೇ ತಾನೆ? ಚೈನಿನ ಗುಟ್ಟು ಬೇರೆ. ಒಂದು ಮುಂಚಕ್ರದ ಮೇಲೆ 450 ಕಿಲೋ ಭಾರ ಇದೆ ಅನ್ನಿ. ಬರೀ ಟೈರಾದರೆ ಅದು ಬೆರಳು ಚಾಚಿದ ಒಂದು ಅಂಗೈಯಷ್ಟು ಜಾಗಕ್ಕೆ ಹರಡುತ್ತದೆ. ಚೈನು ಸುತ್ತಿದರೆ ಅದೇ ಭಾರ ಮೊದಲು ಕೆಲವೇ ಕೊಂಡಿಗಳ ಅಂಚಿನ ಮೇಲೆ ಬೀಳುತ್ತದೆ. ಆ ಜಾಗ 5 ಚದರ ಸೆಂಟಿಮೀಟರ್ ಎಂದರೂ ಒತ್ತಡ ಚದರ ಸೆಂಟಿಮೀಟರಿಗೆ 90 ಕಿಲೋ. ಸೊನ್ನೆಯ ಅಂಚಿನ ಐಸು ಅದನ್ನು ತಾಳುವುದಿಲ್ಲ, ಪುಡಿಯಾಗುತ್ತದೆ. ಕೊಂಡಿ ಒಳಗಿಳಿಯುತ್ತದೆ. ಇನ್ನು ಚಕ್ರ ಜಾರಬೇಕಾದರೆ ಕೊಂಡಿಯ ಮುಂದಿರುವ ಐಸನ್ನು ಒಡೆದುಕೊಂಡೇ ಹೋಗಬೇಕು. ಪ್ರಶ್ನೆಯೇ ಬದಲಾಯಿತು ನೋಡಿ. ಐಸು ಎಷ್ಟು ನುಣುಪು ಎನ್ನುವ ಪ್ರಶ್ನೆ ಹೋಗಿ, ಐಸು ಎಷ್ಟು ಗಟ್ಟಿ ಎನ್ನುವ ಪ್ರಶ್ನೆ ಬಂತು. ಮೇಲಿನ ಆ ತೆಳು ನೀರಿನ ಪದರಕ್ಕೆ ಇಲ್ಲಿ ಮಾತೇ ಇಲ್ಲ.

ಮಲೆನಾಡಿನವರಿಗೆ ಇದು ಹೊಸದೇನಲ್ಲ. ಮಳೆಗಾಲದಲ್ಲಿ ತೋಟದ ದಾರಿ ಕೆಸರಾದಾಗ ಜೀಪಿನ ಚಕ್ರಕ್ಕೆ ಚೈನು ಕಟ್ಟಿಕೊಂಡೇ ಏರು ಹತ್ತಿಸುತ್ತಾರೆ. ಅಲ್ಲಿ ಒಡೆಯುವುದು ಕೆಸರಿನ ಪದರ, ಸಿಗುವುದು ಅಡಿಯ ಗಟ್ಟಿ ಮಣ್ಣು. ನ್ಯೂಯಾರ್ಕ್ ರಾಜ್ಯದ ಕನಸ್ಟೋಟ ಎಂಬ ಊರಿನ ಹ್ಯಾರಿ ವೀಡ್ 1904ರಲ್ಲಿ ಟೈರ್ ಚೈನಿಗೆ ಪೇಟೆಂಟ್ ಪಡೆದ. ಕೆಸರು ಮತ್ತು ಹಿಮದಲ್ಲಿ ಓಡಾಡಲು ಜನ ಟೈರಿಗೆ ಹಗ್ಗ, ಬಳ್ಳಿ ಸುತ್ತುವುದನ್ನು ನೋಡಿ ಅವನಿಗೆ ಇದು ಹೊಳೆಯಿತಂತೆ. ಎರಡು ಬದಿಗೆ ಎರಡು ಉದ್ದ ಸರಪಳಿ, ನಡುವೆ ಅಡ್ಡ ಸರಪಳಿಗಳು. ಈ ಏಣಿ ಮಾದರಿ ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ಅಗ್ಗ. ಆದರೆ ಎರಡು ಮೆಟ್ಟಿಲ ನಡುವೆ ಬರೀ ರಬ್ಬರು ನೆಲಕ್ಕೆ ತಾಗುವ ಕ್ಷಣಗಳಿವೆ, ಅಡ್ಡಡ್ಡ ಜಾರುವುದನ್ನೂ ಅದು ಅಷ್ಟಾಗಿ ತಡೆಯುವುದಿಲ್ಲ. ವಜ್ರಾಕಾರದ ಹೆಣಿಗೆಯ ಚೈನಿನಲ್ಲಿ ಯಾವಾಗಲೂ ಒಂದಲ್ಲ ಒಂದು ಕೊಂಡಿ ನೆಲ ಕಚ್ಚಿರುತ್ತದೆ, ತಿರುವಿನಲ್ಲೂ ಹಿಡಿತ ಸಿಗುತ್ತದೆ. ದುಡ್ಡು ಸ್ವಲ್ಪ ಜಾಸ್ತಿಯಾದರೂ ನಾನು ಹೇಳುವುದು ಇದನ್ನೇ.

ಕೊಳ್ಳುವಾಗ ಟೈರಿನ ಬದಿಯಲ್ಲಿರುವ ಅಳತೆ ನೋಡಿ: 225/65 ಆರ್ 17 ಅಂತ ಇರುತ್ತದೆ. ಮೂರೂ ಅಂಕಿ ಹೊಂದಬೇಕು. ಅಂದಾಜಿನ ಮೇಲೆ ತರಬೇಡಿ. ಆಮೇಲೆ ಕಾರಿನ ಕೈಪಿಡಿ ತೆಗೆಯಿರಿ. ಈಗಿನ ಕಾರುಗಳಲ್ಲಿ ಟೈರಿಗೂ ಒಳಗಿನ ಸಸ್ಪೆನ್ಷನ್, ಬ್ರೇಕಿನ ಪೈಪುಗಳಿಗೂ ನಡುವೆ ಜಾಗ ತೀರಾ ಕಮ್ಮಿ. ಅಮೆರಿಕದಲ್ಲಿ ಇಂಥ ಕಾರುಗಳಿಗೆ 'ಕ್ಲಾಸ್ ಎಸ್' ಎಂಬ ದರ್ಜೆಯಿದೆ. ಟೈರಿನ ಬದಿಯಲ್ಲಿ 15 ಮಿ.ಮೀ., ಮೇಲೆ 37 ಮಿ.ಮೀ. ಜಾಗವಿದ್ದರೆ ಆ ದರ್ಜೆಯ ಚೈನು ಸಾಕು. ಕೆಲವು ಕಾರಿಗೆ ಲೋಹದ ಚೈನೇ ಕೂಡದು ಎಂದು ಕೈಪಿಡಿ ಹೇಳುತ್ತದೆ. ಅಂಥ ಕಡೆ ಉಕ್ಕಿನ ಕೇಬಲ್ಲು ಅಥವಾ ಟೈರಿಗೆ ತೊಡಿಸುವ ಬಟ್ಟೆಯ ಕವಚ ನಡೆಯಬಹುದು. ಬಾಡಿಗೆ ಕಾರಾದರೆ ಕರಾರು ಓದಿ, ಚೈನು ಹಾಕಬಾರದು ಎನ್ನುವ ಕಂಪನಿಗಳು ಬಹಳ ಇವೆ.

ಯಾವ ಚಕ್ರಕ್ಕೆ? ಎಂಜಿನ್ನು ಯಾವುದನ್ನು ತಿರುಗಿಸುತ್ತದೋ ಅದಕ್ಕೆ. ಸಾಮಾನ್ಯ ಸಣ್ಣ ಕಾರುಗಳಲ್ಲಿ ಅದು ಮುಂದಿನದು. ನಾಲ್ಕೂ ತಿರುಗುವ ಕಾರಾದರೆ ಮತ್ತೆ ಕೈಪಿಡಿಯೇ ಗತಿ; ಕೆಲವು ಮುಂದೆ ಎನ್ನುತ್ತವೆ, ಕೆಲವು ಹಿಂದೆ. ಒಂದು ಎಚ್ಚರಿಕೆ: ಮುಂದೆ ಮಾತ್ರ ಚೈನಿದ್ದು ಇಳಿಜಾರಿನಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಮುಂಭಾಗ ಕಚ್ಚಿ ನಿಲ್ಲುತ್ತದೆ, ಹಿಂಭಾಗ ಪಕ್ಕಕ್ಕೆ ಬೀಸುತ್ತದೆ. ಕೈಪಿಡಿ ಒಪ್ಪಿದರೆ ನಾಲ್ಕಕ್ಕೂ ಹಾಕುವುದು ಮೇಲು.

ಹಾಕುವುದನ್ನು ಮನೆ ಮುಂದೆ, ಹಗಲಿನಲ್ಲಿ, ಒಣ ನೆಲದ ಮೇಲೆ ಕಲಿಯಿರಿ. ಯುದ್ಧಕಾಲೇ ಶಸ್ತ್ರಾಭ್ಯಾಸ ಇಲ್ಲಿ ನಡೆಯುವುದಿಲ್ಲ. ಹಿಮಗಾಳಿಯಲ್ಲಿ ಐದು ನಿಮಿಷಕ್ಕೆ ಬೆರಳು ಮರಗಟ್ಟುತ್ತವೆ. ಚೈನನ್ನು ನೆಲದ ಮೇಲೆ ಹಾಸಿ ಸಿಕ್ಕು ಬಿಡಿಸಿ. ಒಂದು ಕೊಂಡಿ ತಿರುಚಿಕೊಂಡಿದ್ದರೂ ಪೂರ್ತಿ ಬಿಗಿಯಾಗುವುದಿಲ್ಲ. ಕೊಕ್ಕೆಯ ತೆರೆದ ಬಾಯಿ ಟೈರಿನ ಕಡೆಗಲ್ಲ, ಹೊರಗೆ ಇರಬೇಕು. ಇಲ್ಲದಿದ್ದರೆ ಅದರ ತುದಿ ರಬ್ಬರನ್ನು ಕೊರೆಯುತ್ತದೆ. ವಜ್ರಾಕಾರದ ಚೈನಿಗೆ ಹಿಂದೆ ಬಾಗುವ ಒಂದು ಬಳೆ ಇರುತ್ತದೆ. ಅದನ್ನು ಚಕ್ರದ ಹಿಂದಿನಿಂದ ತೂರಿಸಿ, ಎರಡೂ ತುದಿ ಮೇಲೆ ತಂದು ಸೇರಿಸಿ. ಒಳಗಿನ ಬದಿ ಮೊದಲು, ಹೊರಗಿನದು ಆಮೇಲೆ. ಈ ಕ್ರಮ ತಪ್ಪಿದರೆ ಒಳಗಿನ ಕೊಕ್ಕೆಗೆ ಕೈಯೇ ಎಟಕುವುದಿಲ್ಲ. ಕೊನೆಗೆ ಬಿಗಿಯುವ ಸರಪಳಿಯನ್ನು ಬೀಗದಲ್ಲಿ ತೂರಿಸಿ ಎಳೆದು, ಉಳಿದ ತುದಿಯನ್ನು ಅಲ್ಲೇ ಸಿಕ್ಕಿಸಿ. ನೂರು ಮೀಟರ್ ಓಡಿಸಿ, ನಿಲ್ಲಿಸಿ, ಮತ್ತೆ ಬಿಗಿಯಿರಿ. ಚಕ್ರ ಸುತ್ತಿದಾಗ ಚೈನು ತನ್ನ ಜಾಗ ಹುಡುಕಿಕೊಂಡು ಸಡಿಲವಾಗುತ್ತದೆ. ಹೆಚ್ಚಿನವರು ಬಿಡುವುದು ಈ ಎರಡನೇ ಬಿಗಿತವನ್ನೇ.

ಅದು ಯಾಕಿಷ್ಟು ಮುಖ್ಯ? ಗಂಟೆಗೆ 40 ಕಿ.ಮೀ. ವೇಗದಲ್ಲಿ ಟೈರಿನ ಅಂಚಿನಲ್ಲಿರುವ ಕೊಂಡಿಯನ್ನು ಹಿಡಿದಿಡಲು ಅದರ ತೂಕದ ಸುಮಾರು 38 ಪಟ್ಟು ಬಲ ಬೇಕು. ನೂರು ಗ್ರಾಮಿನ ಸಡಿಲ ತುಂಡು ಸುಮಾರು ನಾಲ್ಕು ಕಿಲೋ ಬಲದಿಂದ ಹೊರಗೆ ಜಗ್ಗುತ್ತದೆ. ವೇಗ ದುಪ್ಪಟ್ಟಾದರೆ ಜಗ್ಗಾಟ ನಾಲ್ಕು ಪಟ್ಟು, ಅಂದರೆ ಹದಿನೈದು ಕಿಲೋ. ಆಗ ಅದು ಮಡ್‌ಗಾರ್ಡಿಗೆ ಬಡಿಯುತ್ತದೆ, ಬ್ರೇಕಿನ ಪೈಪನ್ನು ಕತ್ತರಿಸಲೂಬಹುದು. ಕ್ಯಾಲಿಫೋರ್ನಿಯಾದಲ್ಲಿ ಚೈನಿರುವಾಗ ಗಂಟೆಗೆ 25ರಿಂದ 30 ಮೈಲಿ ಮಿತಿ, ಜರ್ಮನಿಯಲ್ಲಿ 50 ಕಿ.ಮೀ. ಪೊಲೀಸರ ಹಟಕ್ಕೆ ಇಟ್ಟ ಅಂಕಿಗಳಲ್ಲ ಇವು.

ಕ್ಯಾಲಿಫೋರ್ನಿಯಾದ ರಸ್ತೆ ಬದಿಯ ಫಲಕವೂ ಗೊತ್ತಿರಲಿ. ಆರ್-1 ಎಂದರೆ ಹಿಮದ ಟೈರು ಹಾಕಿದ ಹಗುರ ಗಾಡಿಗಳನ್ನು ಬಿಟ್ಟು ಉಳಿದವಕ್ಕೆ ಚೈನು. ಆರ್-2 ಎಂದರೆ ನಾಲ್ಕೂ ಚಕ್ರಕ್ಕೆ ಹಿಮದ ಟೈರಿರುವ ಫೋರ್ ವೀಲ್ ಡ್ರೈವಿಗೆ ಮಾತ್ರ ವಿನಾಯಿತಿ. ಆದರೆ ಅವರ ಡಿಕ್ಕಿಯಲ್ಲೂ ಚೈನು ಇರಲೇಬೇಕು. ಆರ್-3ರಲ್ಲಿ ಯಾರಿಗೂ ವಿನಾಯಿತಿ ಇಲ್ಲ; ಸಾಮಾನ್ಯವಾಗಿ ಅದಕ್ಕೂ ಮೊದಲೇ ರಸ್ತೆ ಮುಚ್ಚುತ್ತಾರೆ. ಪರವಾನಗಿ ಇರುವ, ಎದೆಯ ಮೇಲೆ ನಂಬರ್ ಧರಿಸಿದ ಕೆಲಸಗಾರರು ದುಡ್ಡು ಪಡೆದು ಚೈನು ಹಾಕಿಕೊಡುತ್ತಾರೆ, ಆದರೆ ಚೈನು ಮಾರುವಂತಿಲ್ಲ. ಖಾಲಿ ಕೈಯಲ್ಲಿ ಹೋದರೆ ಅಲ್ಲಿಂದಲೇ ವಾಪಸ್. ಮನಾಲಿಯಿಂದ ಅಟಲ್ ಸುರಂಗದ ಕಡೆ ಹೋಗುವ ನಮ್ಮೂರ ಪ್ರವಾಸಿಗಳಿಗೂ ಹಿಮ ಬಿದ್ದ ದಿನ ಇದೇ ಕಥೆ: ಫೋರ್ ವೀಲ್ ಡ್ರೈವೂ ಇಲ್ಲದ, ಚೈನೂ ಇಲ್ಲದ ಗಾಡಿಯನ್ನು ಸೋಲಂಗ್ ಬಳಿ ತಡೆಯುತ್ತಾರೆ.

ಹಿಮ ಮುಗಿದು ಡಾಂಬರು ಕಂಡ ಕೂಡಲೇ ಗಾಡಿಯನ್ನು ಲೇನಿನಿಂದ ಪೂರ್ತಿ ಆಚೆ ತಂದು ಚೈನು ಬಿಚ್ಚಿ. ಬರೀ ಡಾಂಬರಿನ ಮೇಲೆ ಒಡೆದುಕೊಡುವ ಐಸಿಲ್ಲ, ಸವೆಯುವುದು ಕೊಂಡಿಯೇ. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ರಸ್ತೆಗೆ ಸುರಿದ ಉಪ್ಪು ಹೋಗುವ ಹಾಗೆ ಉಜ್ಜಿ, ಒಣಗಿಸಿ ಚೀಲಕ್ಕೆ ಹಾಕಿ. ಹಾಕುವ ಮೊದಲು ಒಂದೊಂದೇ ಕೊಂಡಿಯನ್ನು ಬೆರಳಲ್ಲಿ ಹೊರಳಿಸಿ ನೋಡಿ. ದಪ್ಪ ಅರ್ಧಕ್ಕೆ ಇಳಿದ ಕೊಂಡಿ ಕಂಡರೆ ಆ ಚೈನು ಮುಂದಿನ ಚಳಿಗಾಲಕ್ಕೆ ಬೇಡ.